ಸ್ಕ್ಯಾನ್ ಮಾಡಿದ ಪ್ರತಿ ಪುಟದಲ್ಲೂ ಒಂದೇ ಜಾಗದಲ್ಲಿ ಬಿಳಿ ಗೆರೆ: ದೋಷ ಯಂತ್ರದ್ದೋ, ಕಂಪ್ಯೂಟರಿನದ್ದೋ?

ಪ್ರಶ್ನೆ (ಹೊನ್ನಾವರದಿಂದ)

ಎಲ್ಲರಿಗೂ ನಮಸ್ಕಾರ.

ನಮ್ಮ ತಂದೆಯವರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು. ಅವರು ಕೈಯಾರೆ ನಕಲು ಮಾಡಿಟ್ಟ ಪ್ರಸಂಗಗಳೂ ಅರ್ಥಗಾರಿಕೆಯ ಟಿಪ್ಪಣಿಗಳೂ ಸೇರಿ ಹತ್ತೊಂಬತ್ತು ನೋಟ್‌ಬುಕ್ಕುಗಳು ನಮ್ಮ ಮನೆಯಲ್ಲಿವೆ, ಎಣಿಸಿದರೆ ಸುಮಾರು 1,400 ಪುಟಗಳಾಗುತ್ತವೆ. ಕೆಲವು ಪುಟಗಳ ಅಂಚನ್ನು ಒರಲೆ ತಿಂದಿದೆ, ಮಸಿ ವರ್ಷದಿಂದ ವರ್ಷಕ್ಕೆ ಮಾಸುತ್ತಿದೆ. ಈ ಮಳೆಗಾಲ ಮುಗಿಯುವುದರೊಳಗೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಮುಗಿಸಬೇಕೆಂದು ಕುಳಿತಿದ್ದೇನೆ, ಆದರೆ ಅರುವತ್ತು ಪುಟ ದಾಟುವಷ್ಟರಲ್ಲಿ ಕೆಲಸ ನಿಂತುಹೋಗಿದೆ.

ನನ್ನಲ್ಲಿರುವುದು ಸುಮಾರು ಹತ್ತು ವರ್ಷ ಹಳೆಯದಾದ, ಎ4 ಅಳತೆಯ, ಮುಚ್ಚಳ ಎತ್ತಿ ಗಾಜಿನ ಮೇಲೆ ಹಾಳೆ ಇಡುವ ತೆಳ್ಳನೆಯ ಸ್ಕ್ಯಾನರ್. ಅದಕ್ಕೆ ಬೇರೆ ವಿದ್ಯುತ್ ಪ್ಲಗ್ ಇಲ್ಲ, ಯುಎಸ್‌ಬಿ ಕೇಬಲ್ ಒಂದರಿಂದಲೇ ನಡೆಯುತ್ತದೆ. ಮೊದಲನೆಯ ತೊಂದರೆ ಏನೆಂದರೆ, ಪುಟದ ಮೇಲಿನಿಂದ ಕೆಳಗಿನ ತನಕ ನೂಲಿನಷ್ಟು ತೆಳ್ಳಗಿನ ಬಿಳಿ ಗೆರೆಯೊಂದು ಬರುತ್ತಿದೆ, ಯಾವ ಪುಟ ಇಟ್ಟರೂ ಅದೇ ಜಾಗದಲ್ಲಿ. ಗಾಜನ್ನು ಎಷ್ಟು ಒರೆಸಿದರೂ ಅದು ಹೋಗುತ್ತಿಲ್ಲ. ಎರಡನೆಯದಾಗಿ, ಹಳೆಯ ಕಂಪ್ಯೂಟರ್ ಕೆಟ್ಟು ವಿಂಡೋಸ್ 11 ಇರುವ ಹೊಸದನ್ನು ತಂದ ಮೇಲೆ ಸ್ಕ್ಯಾನರ್ ಒಮ್ಮೆ ಸಿಗುತ್ತದೆ, ಒಮ್ಮೆ ‘ಸಾಧನ ಕಂಡುಬಂದಿಲ್ಲ’ ಎಂಬ ಸಂದೇಶ ಬರುತ್ತದೆ. ಮೂರನೆಯದಾಗಿ, ಹೊಲಿಗೆಯ ಹತ್ತಿರದ ಒಂದು ಬೆರಳಗಲದಲ್ಲಿ ಅಕ್ಷರಗಳು ಮಸುಕಾಗಿ ಬರುತ್ತವೆ, ಹಾಳೆಯ ಹಿಂಬದಿಯ ಬರಹವೂ ಮುಂಬದಿಗೆ ಇಣುಕುತ್ತದೆ.

ನಮ್ಮೂರಿನ ಅಂಗಡಿಯವರು ಹೊಸದನ್ನೇ ಕೊಳ್ಳುವುದು ಒಳ್ಳೆಯದೆಂದರು. ಕೊಳ್ಳುವ ಮೊದಲು ಇದನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಶಿವಮೊಗ್ಗದಿಂದ, ದುರಸ್ತಿ ಕೆಲಸ ಮಾಡುವವರು)

ನಮಸ್ಕಾರ. ಈಗಲೇ ಹೊಸದನ್ನು ಕೊಳ್ಳಬೇಡಿ. ನೀವು ಬರೆದಿರುವ ವಿವರವನ್ನು ನೋಡಿದರೆ ಗೆರೆಯ ದೋಷ ಬಹುಮಟ್ಟಿಗೆ ಕೊಳೆಯದ್ದು. ಆದರೆ ಆ ಕೊಳೆ ಕುಳಿತಿರುವುದು ನೀವು ಒರೆಸುತ್ತಿರುವ ಜಾಗದಲ್ಲಿ ಅಲ್ಲ.

ಇಪ್ಪತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ನಾನು, ಸ್ಕ್ಯಾನರ್ ತಂದವರಿಗೆ ಮೊದಲು ಕೇಳುವುದು ಯಂತ್ರವನ್ನಲ್ಲ, ಅದು ಕೊಟ್ಟ ಚಿತ್ರವನ್ನು. ಗಾಜಿನ ಕೆಳಗೆ ಅಡ್ಡಲಾಗಿ ಒಂದು ಪಟ್ಟಿ ಇರುತ್ತದೆ, ಬೆಳಕು ಬೀರುವುದೂ ನೋಡುವುದೂ ಅದೇ, ಅದು ಗಾಜಿನ ಉದ್ದಕ್ಕೆ ಮೆಲ್ಲಗೆ ಸರಿಯುತ್ತ ಹೋಗುತ್ತದೆ. ಗಾಜಿನ ಮೇಲೆ ಧೂಳಿನ ಕಣ ಬಿದ್ದಿದ್ದರೆ ಪಟ್ಟಿ ಅದನ್ನು ದಾಟುವಾಗ ಒಂದು ಕ್ಷಣ ಮಾತ್ರ ಕಾಣುತ್ತದೆಯಾದ್ದರಿಂದ ಚಿತ್ರದಲ್ಲಿ ಬರುವುದು ಚುಕ್ಕೆಯೇ ಹೊರತು ಗೆರೆಯಲ್ಲ. ಪುಟದುದ್ದಕ್ಕೂ ಗೆರೆ ಬಂದಿದೆ ಎಂದರೆ ದೋಷವು ಆ ಪಟ್ಟಿಯ ಜೊತೆಗೇ ಪ್ರಯಾಣ ಮಾಡುತ್ತಿದೆ, ಇಲ್ಲವೇ ಪಟ್ಟಿ ಹೊರಡುವ ಮೊದಲೇ ಅದಕ್ಕೆ ತಪ್ಪು ಲೆಕ್ಕ ಸಿಕ್ಕಿದೆ ಎಂದು ಅರ್ಥ. ಗೆರೆ ಅಡ್ಡಡ್ಡಲಾಗಿ ಬಂದಿದ್ದರೆ, ಅಥವಾ ಅಕ್ಷರಗಳು ಮುರಿದು ಪಕ್ಕಕ್ಕೆ ಜಾರಿದ್ದರೆ, ಆಗ ಬೆಲ್ಟು, ಹಳಿ, ಕೇಬಲ್ ಇವುಗಳನ್ನು ನೋಡಬೇಕಾಗುತ್ತಿತ್ತು.

ನಿಮ್ಮ ಗೆರೆ ಕಪ್ಪಲ್ಲ, ಬಿಳಿ. ಈ ಒಂದು ಮಾತು ತುಂಬ ಮುಖ್ಯ. ಸ್ಕ್ಯಾನರಿನ ಪಟ್ಟಿ ಹೊರಡುವ ತುದಿಯಲ್ಲಿ, ಚೌಕಟ್ಟಿನ ಅಂಚಿನ ಮರೆಯಲ್ಲಿ, ಗಾಜಿನ ಒಳಬದಿಗೆ ಬಿಳಿಯ ಒಂದು ತೆಳ್ಳನೆಯ ಪಟ್ಟೆಯನ್ನು ಅಂಟಿಸಿರುತ್ತಾರೆ. ಯಂತ್ರವು ಮೊದಲು ಅದನ್ನು ನೋಡಿ ‘ಬಿಳಿ ಎಂದರೆ ಇಷ್ಟು’ ಎಂದು ಅಳೆದುಕೊಳ್ಳುತ್ತದೆ. ಆ ಪಟ್ಟೆಯ ಮೇಲೆ ಒಂದು ಕಣ ಕುಳಿತರೆ, ಆ ಜಾಗದ ಬೆಳಕು ಕಡಿಮೆಯಾಗಿದೆ ಎಂದು ಯಂತ್ರ ತಿಳಿದು, ಪುಟದುದ್ದಕ್ಕೂ ಅಲ್ಲಿ ಮಾತ್ರ ಬೆಳಕನ್ನು ಹೆಚ್ಚಿಸಿ ತೋರಿಸುತ್ತದೆ. ಅದರಿಂದಲೇ ಹಳದಿ ಹಾಳೆಯ ಮೇಲೆ ಬಿಳಿಚಿದ ಗೆರೆ ಮೂಡುತ್ತದೆ. ಕರಾವಳಿಯ ಯಂತ್ರಗಳಲ್ಲಿ ಇದನ್ನು ನಾನು ಹೆಚ್ಚು ಕಂಡಿದ್ದೇನೆ, ಏಕೆಂದರೆ ಮಳೆಗಾಲದ ತೇವಕ್ಕೆ ಒಳಗೆ ಬೂಸ್ಟು ಹಿಡಿಯುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಹಾಳೆಯನ್ನು ನೇರವಾಗಿ ಇಟ್ಟು ಒಮ್ಮೆ, ತಿರುಗಿಸಿ ಇಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಗೆರೆ ಹಾಳೆಯ ಜೊತೆ ತಿರುಗದೆ ಅದೇ ಜಾಗದಲ್ಲಿ ನಿಂತರೆ ದೋಷ ಯಂತ್ರದ್ದೇ. ಅನಂತರ ಪಾರದರ್ಶಕ ಪ್ಲಾಸ್ಟಿಕ್ ಅಡಿಕೋಲನ್ನು ಗಾಜಿನ ಅಗಲಕ್ಕೆ ಅಡ್ಡವಾಗಿ, ಒಂದು ತುದಿ ಚೌಕಟ್ಟಿಗೆ ತಾಗುವಂತೆ ಇಟ್ಟು ಸ್ಕ್ಯಾನ್ ಮಾಡಿ, ಗೆರೆಯು ಯಾವ ಸೆಂಟಿಮೀಟರ್ ಗುರುತನ್ನು ದಾಟುತ್ತದೆ ಎಂದು ಓದಿಕೊಳ್ಳಿ. ಅಡಿಕೋಲನ್ನು ತೆಗೆಯುವ ಮೊದಲು ಚೌಕಟ್ಟಿನ ಮೇಲೆ ಆ ಜಾಗಕ್ಕೆ ಪೆನ್ಸಿಲಿನಿಂದ ಒಂದು ಗುರುತು ಹಾಕಿ. ಹೀಗೆ ಮಾಡಿದರೆ ಎಡ ಬಲದ ಗೊಂದಲ ಬರುವುದಿಲ್ಲ, ಯಂತ್ರ ಬಿಚ್ಚಿದ ಮೇಲೆ ಎಲ್ಲಿ ನೋಡಬೇಕೆಂಬುದು ತಿಳಿದಿರುತ್ತದೆ.

ಬಿಚ್ಚುವ ಮೊದಲು ಕೇಬಲನ್ನು ಕಡ್ಡಾಯವಾಗಿ ಕಳಚಿ. ಸ್ಕ್ರೂಗಳು ಅನೇಕ ವೇಳೆ ಅಡಿಯ ರಬ್ಬರ್ ಕಾಲುಗಳ ಕೆಳಗೆ ಅಡಗಿರುತ್ತವೆ, ಉಳಿದುದೆಲ್ಲ ಪ್ಲಾಸ್ಟಿಕ್ ಕೊಕ್ಕೆಗಳು. ಚೌಕಟ್ಟನ್ನು ಒಮ್ಮೆಲೇ ಎಳೆಯದೆ, ಒಂದು ಮೂಲೆಯಿಂದ ಹಳೆಯ ಎಟಿಎಂ ಕಾರ್ಡಿನಂಥ ತೆಳ್ಳನೆಯ ಪ್ಲಾಸ್ಟಿಕ್ ತುಂಡನ್ನು ತೂರಿಸಿ ಒಂದೊಂದೇ ಕೊಕ್ಕೆಯನ್ನು ಬಿಡಿಸುತ್ತ ಹೋಗಬೇಕು. ಪಟ್ಟಿಗೆ ಅಂಟಿಕೊಂಡಿರುವ ಚಪ್ಪಟೆಯಾದ ಕೇಬಲ್ ಬಹಳ ನಾಜೂಕು, ಅದನ್ನು ಮುಟ್ಟದಿರುವುದೇ ಲೇಸು. ಬಿಳಿಯ ಪಟ್ಟೆಯನ್ನು ಮೊದಲು ಮೆತ್ತನೆಯ ಒಣ ಕುಂಚದಿಂದ ಸವರಿ, ಕಲೆ ಹೋಗದಿದ್ದರೆ ಮಾತ್ರ, ನೂಲು ಬಿಡದ ಬಟ್ಟೆಯ ತುದಿಗೆ ಐಸೋಪ್ರೊಪೈಲ್ ಆಲ್ಕೋಹಾಲನ್ನು ಒಂದೆರಡು ಹನಿ ಹಾಕಿಕೊಂಡು ಒರೆಸಿ. ಯಾವ ದ್ರವವನ್ನೂ ಗಾಜಿನ ಮೇಲೆ ನೇರವಾಗಿ ಸಿಂಪಡಿಸಬೇಡಿ, ಅದು ಅಂಚಿನಿಂದ ಒಳಗೆ ಇಳಿದು ಇರುವ ತೊಂದರೆಯ ಜೊತೆ ಇನ್ನೊಂದನ್ನು ತರುತ್ತದೆ. ಗಾಜಿನ ಒಳಮೈಯನ್ನೂ ಆಗಲೇ ಒರೆಸಿಬಿಡಿ. ಮುಚ್ಚಿದ ಮೇಲೆ ಸ್ಕ್ಯಾನರಿನ ತಂತ್ರಾಂಶದಲ್ಲಿ ‘ಕ್ಯಾಲಿಬ್ರೇಟ್’ ಎಂಬ ಆಯ್ಕೆ ಇದ್ದರೆ ಅದನ್ನು ಒಮ್ಮೆ ನಡೆಸಬೇಕು. ಕೆಲವು ಯಂತ್ರಗಳು ಹಳೆಯ ಅಳತೆಯನ್ನೇ ನೆನಪಿನಲ್ಲಿಟ್ಟುಕೊಂಡು, ಕೊಳೆ ಹೋದ ಮೇಲೂ ಅದೇ ಗೆರೆಯನ್ನು ತೋರಿಸುತ್ತವೆ.

ಉತ್ತರ (ಮೈಸೂರಿನಿಂದ, ತಂತ್ರಾಂಶ ಕ್ಷೇತ್ರದವರು)

ಮೇಲಿನವರು ಗೆರೆಯ ವಿಷಯವನ್ನು ಇಷ್ಟು ಚೆನ್ನಾಗಿ ಹೇಳಿರುವುದರಿಂದ ನಾನು ಎರಡನೆಯ ತೊಂದರೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಸ್ಕ್ಯಾನರ್ ಎಂದಿಗೂ ಸಿಗದಿರುವುದು ಬೇರೆ, ಒಮ್ಮೆ ಸಿಕ್ಕಿ ಒಮ್ಮೆ ಸಿಗದಿರುವುದು ಬೇರೆ. ಡ್ರೈವರ್, ಅಂದರೆ ಯಂತ್ರವನ್ನು ಕಂಪ್ಯೂಟರಿನೊಂದಿಗೆ ಮಾತಾಡಿಸುವ ತಂತ್ರಾಂಶ, ಹೊಂದದಿದ್ದರೆ ಸ್ಕ್ಯಾನರ್ ಸಾಮಾನ್ಯವಾಗಿ ಎಂದೂ ಕೆಲಸ ಮಾಡುವುದಿಲ್ಲ. ನಿಮ್ಮ ಯಂತ್ರ ಆಗಾಗ ಸಿಗುತ್ತಿದೆ ಎಂದಾದರೆ ಮೊದಲು ಸಂಶಯಪಡಬೇಕಾದದ್ದು ವಿದ್ಯುತ್ತನ್ನು. ಅದಕ್ಕೆ ಬೇಕಾದ ಶಕ್ತಿಯೆಲ್ಲ ಯುಎಸ್‌ಬಿ ಕೇಬಲಿನಿಂದಲೇ ಬರಬೇಕು, ಯುಎಸ್‌ಬಿ 2.0 ಕಿಂಡಿ ಕೊಡುವುದು ಹೆಚ್ಚೆಂದರೆ 500 ಮಿಲಿಆಂಪಿಯರ್. ಅದೇ ಕಿಂಡಿಗೆ ಹಬ್ ಒಂದನ್ನು ಸಿಕ್ಕಿಸಿ, ಕೀಲಿಮಣೆ, ಮೌಸ್, ಸ್ಕ್ಯಾನರ್ ಮೂರನ್ನೂ ಹಂಚಿಕೊಂಡರೆ, ಪಟ್ಟಿಯನ್ನು ಓಡಿಸುವ ಮೋಟಾರು ಹೊರಡುವ ಗಳಿಗೆಯಲ್ಲಿ ಶಕ್ತಿ ಸಾಲದೆ ಸಂಪರ್ಕ ತಪ್ಪುತ್ತದೆ. ಮೇಜಿನ ಕಂಪ್ಯೂಟರ್ ಆಗಿದ್ದರೆ ಹಿಂಬದಿಯ ಕಿಂಡಿಗೆ, ಹಬ್ ಇಲ್ಲದೆ, ಚಿಕ್ಕ ಕೇಬಲಿನಲ್ಲಿ ನೇರವಾಗಿ ಸಿಕ್ಕಿಸಿ ನೋಡಿ. ಜೊತೆಗೆ ವಿಂಡೋಸಿನ ಪವರ್ ಆಯ್ಕೆಗಳಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಎಂಬುದನ್ನು ನಿಲ್ಲಿಸಿ, ಬಳಸದೆ ಬಿಟ್ಟ ಸಾಧನವನ್ನು ಮಲಗಿಸುವ ವ್ಯವಸ್ಥೆ ಅದು, ಹಳೆಯ ಸಾಧನಗಳು ಕೆಲವೊಮ್ಮೆ ಅದರಿಂದ ಏಳುವುದೇ ಇಲ್ಲ. ‘ಸರ್ವಿಸಸ್’ ಪಟ್ಟಿಯಲ್ಲಿ ‘ವಿಂಡೋಸ್ ಇಮೇಜ್ ಅಕ್ವಿಸಿಷನ್’ ಎಂಬ ಸೇವೆ ನಡೆಯುತ್ತಿದೆಯೇ ಎಂಬುದನ್ನೂ ನೋಡಿ. ಅದು ನಿಂತಿದ್ದರೆ ಯಾವ ಕೇಬಲ್ ಬದಲಿಸಿದರೂ ಪ್ರಯೋಜನವಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಡ್ರೈವರಿನ ಕಡೆ ತಿರುಗಬೇಕು. ವಿಂಡೋಸ್ 11 ಬರುವುದು 64 ಬಿಟ್ ರೂಪದಲ್ಲಿ ಮಾತ್ರ, ಹಳೆಯ ಸಿಡಿಯಲ್ಲಿರುವ 32 ಬಿಟ್ ಡ್ರೈವರ್ ಅದರಲ್ಲಿ ಕೂರುವುದಿಲ್ಲ. 64 ಬಿಟ್ಟಿನದೇ ಆದರೂ ಹಳತಾಗಿದ್ದರೆ ‘ಮೆಮೊರಿ ಇಂಟೆಗ್ರಿಟಿ’ ಎಂಬ ರಕ್ಷಣಾ ವ್ಯವಸ್ಥೆ ಅದನ್ನು ತಡೆಯಬಹುದು. ಆ ರಕ್ಷಣೆಯನ್ನೇ ಆರಿಸಿಬಿಡಿ ಎಂದು ಸಲಹೆ ಕೊಡುವವರು ಅನೇಕರು ಸಿಗುತ್ತಾರೆ. ಬ್ಯಾಂಕಿನ ವ್ಯವಹಾರವನ್ನೂ ಅದೇ ಕಂಪ್ಯೂಟರಿನಲ್ಲಿ ಮಾಡುವ ಮನೆಗಳಲ್ಲಿ ನಾನು ಆ ಸಲಹೆಯನ್ನು ಕೊಡುವುದಿಲ್ಲ. ಅದೇ ರೀತಿ ಹಳೆಯ ವಿಂಡೋಸ್ 10ಕ್ಕೆ ಹಿಂದಿರುಗುವುದೂ ಬೇಡ, 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲದ ಅವಧಿ ಮುಗಿದಿದೆ.

ನನಗೆ ಹೆಚ್ಚು ಹಿಡಿಸಿದ ದಾರಿ ಬೇರೆ. ವಿಂಡೋಸಿನ ಬದಲಿಗೆ ಬಳಸಬಹುದಾದ ಉಬುಂಟು ಲಿನಕ್ಸನ್ನು ಒಂದು ಪೆನ್‌ಡ್ರೈವಿಗೆ ಬರೆದುಕೊಂಡು, ಕಂಪ್ಯೂಟರಿನಲ್ಲಿ ಸ್ಥಾಪಿಸದೆ, ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ. ಲಿನಕ್ಸಿನಲ್ಲಿ ‘ಸೇನ್’ ಎಂಬ ವ್ಯವಸ್ಥೆ ಇದೆ, ಕಂಪನಿಗಳು ಕೈಬಿಟ್ಟ ಎಷ್ಟೋ ಹಳೆಯ ಸ್ಕ್ಯಾನರುಗಳನ್ನು ಅದು ಇಂದಿಗೂ ನಡೆಸುತ್ತದೆ. ಅಲ್ಲಿ ಸ್ಕ್ಯಾನರ್ ತಡೆಯಿಲ್ಲದೆ ಓಡಿದರೆ ಯಂತ್ರವೂ ಕೇಬಲೂ ಸರಿಯಾಗಿವೆ, ದೋಷ ವಿಂಡೋಸಿನ ಡ್ರೈವರಿನದ್ದು ಎಂದು ತೀರ್ಮಾನಿಸಬಹುದು. ಅಲ್ಲೂ ನಡುವೆ ನಿಂತರೆ ಮತ್ತೆ ಕೇಬಲಿನ ಕಡೆಗೇ ಬರಬೇಕು. ವಿಂಡೋಸನ್ನು ಬಿಡಲು ಮನಸ್ಸಿಲ್ಲದವರಿಗೆ ವ್ಯೂಸ್ಕ್ಯಾನ್ ಎಂಬ ತಂತ್ರಾಂಶವಿದೆ, ಅದಕ್ಕೆ ಹಣ ಕೊಡಬೇಕಾಗುತ್ತದೆ, ಆದರೆ ಮೊದಲು ಪುಕ್ಕಟೆಯಾಗಿ ಪರೀಕ್ಷಿಸಿ ನೋಡುವ ಅವಕಾಶವಿದೆ.

ಉತ್ತರ (ಧಾರವಾಡದಿಂದ, ಗ್ರಂಥಪಾಲಕರು)

ತಮ್ಮ ತಂದೆಯವರ ನೋಟ್‌ಬುಕ್ಕುಗಳ ವಿಷಯ ಓದಿ ಮನಸ್ಸು ತುಂಬಿತು. ಅಚ್ಚಾದ ಪ್ರಸಂಗದ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು, ಅರ್ಥಧಾರಿಯೊಬ್ಬರ ಸ್ವಂತ ಟಿಪ್ಪಣಿಗೆ ಇನ್ನೊಂದು ಪ್ರತಿ ಇರುವುದಿಲ್ಲ. ಆದ್ದರಿಂದ ಮೂರನೆಯ ತೊಂದರೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೊಲಿಗೆಯ ಬಳಿ ಅಕ್ಷರ ಮಸುಕಾಗುವುದು ಕೆಟ್ಟುಹೋದುದರ ಲಕ್ಷಣವಲ್ಲ, ಅಂಥ ತೆಳ್ಳನೆಯ ಸ್ಕ್ಯಾನರುಗಳ ರಚನೆಯೇ ಹಾಗಿದೆ. ಅವುಗಳಲ್ಲಿರುವುದು ಸಿಐಎಸ್ ಎಂಬ ಬಗೆಯ ಸಂವೇದಕ. ಗಾಜಿಗೆ ಅಂಟಿಕೊಂಡ ವಸ್ತು ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ, ಗಾಜಿನಿಂದ ಕೆಲವೇ ಮಿಲಿಮೀಟರ್ ಮೇಲೆದ್ದರೂ ಮಬ್ಬಾಗುತ್ತದೆ. ಕನ್ನಡಿ ಮತ್ತು ಮಸೂರಗಳಿರುವ, ದಪ್ಪನೆಯ ಸಿಸಿಡಿ ಸ್ಕ್ಯಾನರುಗಳು ಈ ವಿಷಯದಲ್ಲಿ ಎಷ್ಟೋ ಮೇಲು. ಹೊಸದನ್ನು ಕೊಳ್ಳಲೇಬೇಕಾಗಿ ಬಂದರೆ ಬೆಲೆಗಿಂತ ಮೊದಲು ಇದನ್ನು ವಿಚಾರಿಸಿ.

ಪುಸ್ತಕವನ್ನು ಗಾಜಿಗೆ ಒತ್ತಿ ಹಿಡಿಯುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಕೈಬರಹದ ಲೆಕ್ಕದ ಪುಸ್ತಕವನ್ನು ಹೀಗೆ ಅಂಗೈಯಿಂದ ಒತ್ತಿದಾಗ, ಬೆನ್ನಿನ ಅಂಟು ಒಣ ಹಪ್ಪಳ ಮುರಿದಂತೆ ಸದ್ದು ಮಾಡಿ ಬಿರುಕು ಬಿಟ್ಟಿತು, ನಾಲ್ಕು ಹಾಳೆಗಳು ಕೈಗೆ ಬಂದವು. ನೋಟ್‌ಬುಕ್ಕು ನೂಲಿನ ಹೊಲಿಗೆಯದಾಗಿದ್ದು ಹಾಳೆ ಗಟ್ಟಿಯಾಗಿದ್ದರೆ, ಬಲ್ಲವರ ಕೈಯಲ್ಲಿ ಹೊಲಿಗೆ ಬಿಚ್ಚಿಸಿ, ಸ್ಕ್ಯಾನ್ ಮಾಡಿ, ಮತ್ತೆ ಹೊಲಿಸಬಹುದು. ಒರಲೆ ತಿಂದ ಪುಸ್ತಕಗಳಿಗೆ ಅದೂ ಬೇಡ. ಅವುಗಳಿಗೆ ಸ್ಕ್ಯಾನರನ್ನೇ ಬಿಟ್ಟು, ಒಂದು ಸ್ಟ್ಯಾಂಡಿಗೆ ಫೋನನ್ನು ಕೆಳಮುಖವಾಗಿ ಕಟ್ಟಿ, ಪುಸ್ತಕವನ್ನು ಪೂರ್ತಿ ಬಿಡಿಸದೆ ಹಿಂಬದಿಗೆ ಮಡಿಸಿದ ಬಟ್ಟೆಯ ಒತ್ತು ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಚಿತ್ರ ತೆಗೆಯುವುದೇ ಕ್ಷೇಮ.

ಹಿಂಬದಿಯ ಬರಹ ಇಣುಕುವುದಕ್ಕೆ ಪರಿಹಾರ ಸರಳ. ಮುಚ್ಚಳದ ಒಳಬದಿ ಬಿಳಿಯಾಗಿರುವುದರಿಂದ ಬೆಳಕು ಹಾಳೆಯನ್ನು ಹಾಯ್ದು, ಆ ಬಿಳಿಗೆ ತಾಗಿ ಹಿಂದಿರುಗುವಾಗ ಹಿಂಬದಿಯ ಅಕ್ಷರಗಳನ್ನೂ ಹೊತ್ತು ತರುತ್ತದೆ. ಸ್ಕ್ಯಾನ್ ಮಾಡುವ ಹಾಳೆಯ ಹಿಂದೆ ಕಪ್ಪು ಡ್ರಾಯಿಂಗ್ ಕಾಗದ ಒಂದನ್ನು ಇಡಿ. ಪುಟ ಒಂದಿಷ್ಟು ಮಂಕಾಗಿ ಬರುತ್ತದೆ, ಅದನ್ನು ಆಮೇಲೆ ತಿದ್ದಬಹುದು, ಇಣುಕು ಬರಹ ಮಾತ್ರ ಬಹುಪಾಲು ಮಾಯವಾಗುತ್ತದೆ.

ಇನ್ನು ಆಯ್ಕೆಗಳ ಮಾತು. ‘ಬ್ಲ್ಯಾಕ್ ಅಂಡ್ ವೈಟ್’ ಎಂಬ ಆಯ್ಕೆಯನ್ನು ಮುಟ್ಟಲೇಬೇಡಿ. ಅದರಲ್ಲಿ ಬೂದು ಬಣ್ಣವೇ ಇಲ್ಲ, ಪ್ರತಿ ಬಿಂದುವೂ ಕಪ್ಪು ಇಲ್ಲವೇ ಬಿಳಿ ಆಗಲೇಬೇಕು. ಇಂಗ್ಲಿಷ್ ಬರಹಕ್ಕೆ ಅದು ಸಾಕಾಗಬಹುದು. ನಮ್ಮ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು, ಪಕಾರಕ್ಕೂ ಷಕಾರಕ್ಕೂ ಇರುವುದು ಒಳಗಿನ ಒಂದು ಗೀಟು. ಮಸಿ ಹರಡಿದ ಕೈಬರಹದಲ್ಲಿ ಆ ಸೀಳು ತುಂಬಿಕೊಳ್ಳುತ್ತದೆ, ಒತ್ತಕ್ಷರಗಳು ಕಪ್ಪು ಉಂಡೆಗಳಾಗುತ್ತವೆ. ಯಾವುದೇ ಪುಟ ಚೆನ್ನಾಗಿ ಬಂದಿದೆಯೇ ಎಂದು ನೋಡಲು ನಾನು ಅದರಲ್ಲಿರುವ ಅತ್ಯಂತ ಚಿಕ್ಕ ಒತ್ತಕ್ಷರವನ್ನು ಹುಡುಕಿ ದೊಡ್ಡದು ಮಾಡಿ ನೋಡುತ್ತೇನೆ, ಅದು ಓದಲು ಬಂದರೆ ಉಳಿದದ್ದೆಲ್ಲ ಬರುತ್ತದೆ.

ಕಪ್ಪು-ಬಿಳುಪಿನ ಕಡತಗಳನ್ನು ಕುಗ್ಗಿಸುವ ಕೆಲವು ವಿಧಾನಗಳು ಇನ್ನೂ ಅಪಾಯಕಾರಿ, ಒಂದೇ ತೆರನಾಗಿ ಕಾಣುವ ಆಕೃತಿಗಳನ್ನು ಒಂದೇ ಎಂದು ಭಾವಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುತ್ತವೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞರು, ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದಾಗ ಕೋಣೆಗಳ ವಿಸ್ತೀರ್ಣದ ಅಂಕಿಗಳೇ ಬದಲಾಗಿರುವುದನ್ನು ಹೀಗೆ ಬಯಲಿಗೆ ತಂದರು. ಪುಟ ಮಸುಕಾಗಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ, ಅಲ್ಲಿ ಅಂಕಿಗಳು ಸ್ಪಷ್ಟವಾಗಿದ್ದೂ ತಪ್ಪಾಗಿದ್ದವು.

ಕೈಬರಹಕ್ಕೆ ಬಣ್ಣದಲ್ಲಿ, 300 ಡಿಪಿಐ (ಇಂಚಿಗೆ ಇಷ್ಟು ಬಿಂದುಗಳು ಎಂಬ ಲೆಕ್ಕ) ಕನಿಷ್ಠ ಎಂದು ಇಟ್ಟುಕೊಳ್ಳಿ, ಅಕ್ಷರ ಸಣ್ಣದಿದ್ದರೆ 400. ಕುಗ್ಗಿಸದ ಟಿಫ್ ಎಂಬ ಚಿತ್ರಕಡತದ ರೂಪದಲ್ಲಿ 300 ಡಿಪಿಐಯ ಒಂದು ಎ4 ಪುಟ ಸುಮಾರು 26 ಮೆಗಾಬೈಟ್ ಆಗುತ್ತದೆ. ತಮ್ಮ 1,400 ಪುಟಗಳೂ ಎ4 ಅಳತೆಯವೇ ಆದರೂ ಒಟ್ಟು 37 ಗಿಗಾಬೈಟ್ ದಾಟುವುದಿಲ್ಲ. ಡಿಪಿಐಯನ್ನು 600 ಮಾಡಿದರೆ ಕಡತ ನಾಲ್ಕು ಪಟ್ಟಾಗುತ್ತದೆ, ಪ್ರತಿ ಪುಟಕ್ಕೆ ಹಿಡಿಯುವ ಸಮಯವೂ ಬೆಳೆಯುತ್ತದೆ, ಹಳೆಯ ಮಸಿಯ ಬರಹದಲ್ಲಿ ಕಾಣಸಿಗುವ ಲಾಭ ಮಾತ್ರ ಅಲ್ಪ.

ಪ್ರಶ್ನೆ ಕೇಳಿದವರು

ಮೂವರಿಗೂ ನಾನು ಋಣಿ. ಈ ಭಾನುವಾರ ಇಡೀ ದಿನ ಇದಕ್ಕೇ ಕುಳಿತೆ.

ಅಡಿಕೋಲಿನ ಮೇಲೆ ಗೆರೆ ಸರಿಯಾಗಿ 7.4 ಸೆಂಟಿಮೀಟರಿನಲ್ಲಿ ಹಾದುಹೋಗಿತ್ತು. ಸ್ಕ್ರೂಗಳು ಹೇಳಿದಂತೆಯೇ ರಬ್ಬರ್ ಕಾಲುಗಳ ಕೆಳಗಿದ್ದವು. ಚೌಕಟ್ಟನ್ನು ಎತ್ತಿ ಟಾರ್ಚು ಹಿಡಿದು ನೋಡಿದಾಗ, ಪೆನ್ಸಿಲಿನ ಗುರುತಿನ ನೇರಕ್ಕೆ, ಬಿಳಿಯ ಪಟ್ಟೆಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಕಂದು ಕಲೆಯೊಂದು ಕುಳಿತಿತ್ತು. ಒಣ ಕುಂಚಕ್ಕೆ ಅದು ಜಗ್ಗಲಿಲ್ಲ, ಆಲ್ಕೋಹಾಲಿನ ಬಟ್ಟೆಗೆ ಎರಡನೆಯ ಸಲ ಎದ್ದುಬಂತು. ಗಾಜಿನ ಒಳಮೈಯಲ್ಲಿ ಹಬೆಯಂತೆ ಹರಡಿದ್ದ ಮಬ್ಬನ್ನೂ ಒರೆಸಿದೆ. ಮುಚ್ಚಿ ಮೊದಲ ಪುಟ ತೆಗೆದಾಗ ಗೆರೆ ಹಾಗೇ ಇದ್ದುದರಿಂದ ಎದೆ ಧಸಕ್ಕೆಂದಿತು. ಕ್ಯಾಲಿಬ್ರೇಟ್ ಮಾಡಿದ ಮೇಲೆ ಪೂರ್ತಿ ಹೋಯಿತು.

ಸಂಪರ್ಕದ ತೊಂದರೆಗೆ ಕಾರಣ ಹಬ್ಬೇ ಆಗಿತ್ತು. ಹಿಂಬದಿಯ ಕಿಂಡಿಗೆ ಹಾಕಿದ ಮೇಲೆ ವಿಂಡೋಸಿನಲ್ಲೇ ತೊಂಬತ್ತು ಪುಟ ತಡೆಯಿಲ್ಲದೆ ಬಂದವು. ಕಪ್ಪು ಕಾಗದದ ಉಪಾಯವೂ ಫಲಿಸಿದೆ.

ಒಂದು ಸಂದೇಹ ಉಳಿದಿದೆ. ತಂದೆಯವರು ಪದ್ಯಗಳನ್ನು ನೀಲಿ ಮಸಿಯಲ್ಲಿ ಬರೆದು, ಮೇಲೆ ‘ಭೈರವಿ, ಝಂಪೆ’, ‘ಸೌರಾಷ್ಟ್ರ, ತ್ರಿವುಡೆ’ ಎಂದು ರಾಗ ತಾಳಗಳನ್ನು ಕೆಂಪು ಮಸಿಯಲ್ಲಿ ಬರೆದಿದ್ದಾರೆ. ಜಾಗ ಉಳಿಸಲು ನಾನು ಮೊದಲ ಅರುವತ್ತು ಪುಟಗಳನ್ನು ಗ್ರೇಸ್ಕೇಲಿನಲ್ಲಿ, ಅಂದರೆ ಬಣ್ಣವಿಲ್ಲದೆ ಬೂದು ಛಾಯೆಗಳಲ್ಲಿ, ತೆಗೆದಿದ್ದೆ. ಅವುಗಳಲ್ಲಿ ಪದ್ಯ ಚೆನ್ನಾಗಿದೆ, ರಾಗ ತಾಳದ ಸಾಲು ಮಾತ್ರ ಕಂಡೂ ಕಾಣದಂತಿದೆ. ತಂತ್ರಾಂಶದಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಿ ಇದನ್ನು ಸರಿಪಡಿಸಬಹುದೇ, ಅಥವಾ ಆ ಪುಟಗಳನ್ನು ಮತ್ತೆ ತೆಗೆಯಬೇಕೇ?

ಉತ್ತರ (ಧಾರವಾಡದಿಂದ, ಗ್ರಂಥಪಾಲಕರು)

ಮತ್ತೆ ತೆಗೆಯಲೇಬೇಕು. ಕೆಂಪು ಬೆಳಕಿನಲ್ಲಿ ನೋಡಿದರೆ ಕೆಂಪು ಮಸಿಯೂ ಬಿಳಿ ಹಾಳೆಯೂ ಹೆಚ್ಚುಕಡಿಮೆ ಒಂದೇ ಸಮನಾಗಿ ಹೊಳೆಯುತ್ತವೆ. ಗ್ರೇಸ್ಕೇಲಿನ ಲೆಕ್ಕದಲ್ಲಿ ಕೆಂಪು ಬೆಳಕಿನ ಪಾಲು ಹೆಚ್ಚಿದ್ದಷ್ಟೂ ಕೆಂಪು ಬರಹ ಹಾಳೆಯಲ್ಲಿ ಕರಗಿಹೋಗುತ್ತದೆ. ಅಚ್ಚಾದ ಅರ್ಜಿ ನಮೂನೆಗಳ ಕೆಂಪು ಗೆರೆಗಳನ್ನು ಬೇಕೆಂದೇ ಅಳಿಸಲು ಕಚೇರಿಗಳ ಸ್ಕ್ಯಾನರುಗಳಲ್ಲಿ ಇದೇ ಗುಣವನ್ನು ಬಳಸುತ್ತಾರೆ. ಕಡತದೊಳಗೆ ಬಾರದೆ ಹೋದುದನ್ನು ಕಾಂಟ್ರಾಸ್ಟ್ ಹೆಚ್ಚಿಸಿ ತರಲಾಗುವುದಿಲ್ಲ, ಹೆಚ್ಚಿಸಿದಷ್ಟೂ ಹಾಳೆಯ ಕಲೆಗಳೇ ಮೇಲೆದ್ದು ಬರುತ್ತವೆ.

ಆ ಅರುವತ್ತು ಪುಟಗಳನ್ನು ಬಣ್ಣದಲ್ಲಿ ತೆಗೆದ ಮೇಲೆ, ಚಿತ್ರ ತಿದ್ದುವ ಯಾವುದಾದರೂ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ಪದರಗಳನ್ನು ಬೇರೆಬೇರೆಯಾಗಿ ತೆರೆದು ನೋಡಿ. ಹಸಿರು ಪದರದಲ್ಲಿ ಮಾಸಿದ ಕೆಂಪು ಮಸಿ ಕಪ್ಪಾಗಿ ಎದ್ದು ಕಾಣುತ್ತದೆ. ಮೂಲ ಹಾಳೆಯಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ತಾಳದ ಹೆಸರುಗಳನ್ನು ನಾನು ಹೀಗೆ ಓದಿದ್ದುಂಟು.

ಉತ್ತರ (ಶಿವಮೊಗ್ಗದಿಂದ, ದುರಸ್ತಿ ಕೆಲಸ ಮಾಡುವವರು)

ಕಲೆ ಎದ್ದುಬಂದದ್ದು ತಿಳಿದು ಬಹಳ ಸಂತೋಷವಾಯಿತು. ಒಳಗೆ ಹಬೆಯಂಥ ಮಬ್ಬಿತ್ತು ಎಂದಿರಿ, ಅಂದರೆ ತೇವ ಒಳಸೇರುತ್ತಿದೆ. ಕೆಲಸ ಮುಗಿದ ಮೇಲೆ ಸ್ಕ್ಯಾನರನ್ನು ಮೇಜಿನ ಮೇಲೆ ಬಿಡದೆ, ಒಣಗಿದ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬೆಳಿಗ್ಗೆ ಹೊರತೆಗೆದ ಕೂಡಲೇ ಕೆಲಸ ಆರಂಭಿಸದೆ ಅರ್ಧ ಗಂಟೆ ಕೋಣೆಯ ಗಾಳಿಗೆ ಹೊಂದಿಕೊಳ್ಳಲು ಬಿಟ್ಟು, ಮೊದಲು ಒಂದು ಖಾಲಿ ಬಿಳಿ ಹಾಳೆಯನ್ನು ಸ್ಕ್ಯಾನ್ ಮಾಡಿ ನೋಡಿ. ಗೆರೆ ಮತ್ತೆ ತಲೆಯೆತ್ತಿದರೆ ಆ ಹಾಳೆಯಲ್ಲೇ ತಿಳಿಯುತ್ತದೆ, ತಂದೆಯವರ ಪುಟಗಳನ್ನು ಎರಡೆರಡು ಸಲ ಗಾಜಿನ ಮೇಲೆ ಇಡಬೇಕಾಗುವುದಿಲ್ಲ.